ಎರಡು ಬೆರಳಗಲದ ಬರಿ ಲೋಹ

ಜನವರಿ 12

ಪ್ರೀತಿಯ ಅಕ್ಕನಿಗೆ,

ತಲುಪಿದೆ. ಎರಡು ಹಗಲು ರೈಲಿನಲ್ಲಿ ಕೂತು ಕಾಲು ಬಾತುಕೊಂಡಿದ್ದವು, ಈಗ ಸರಿಹೋಗಿವೆ. ಫೋನ್ ಮಾಡಲಿಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಇಲ್ಲಿ ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಸಂಜೆ ಮಾಡೋಣವೆಂದರೆ, ಸ್ಪ್ರೇ ಗನ್ನಿನ ಅಬ್ಬರಕ್ಕೆ ಮಂದವಾದ ನಿನ್ನ ಕಿವಿಗೆ ಅರ್ಧ ಮಾತು ಕೇಳಿಸುತ್ತದೆ, ಕೇಳಿಸದ ಇನ್ನರ್ಧಕ್ಕೆ ನೀನು ಜಗಳ ತೆಗೆಯುತ್ತೀಯ. ಕಾಗದವೇ ವಾಸಿ. ನನ್ನ ಮಾತನ್ನು ನಡುವೆ ಬಾಯಿ ಹಾಕಿ ತುಂಡರಿಸುವುದಕ್ಕೆ ನಿನಗೆ ಆಗುವುದಿಲ್ಲ.

ಕೋಣೆ ಮೂರನೆಯ ಮಹಡಿಯಲ್ಲಿದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಅದರ ಮೇಲೆ ಎರಡು ಪಾರಿವಾಳ. ಲ್ಯಾಬು ಮಾತ್ರ ಚೆನ್ನಾಗಿದೆ. ಮೇಜಿನಗಲದ ಶೇಕರ್, ಅದರ ಮೇಲೊಂದು ಉಕ್ಕಿನ ಕ್ಲಾಂಪು. ಕೋಟಿಂಗು ಮಾಡಿದ ಲೋಹದ ಪ್ಲೇಟಿನ ಒಂದು ತುದಿಯನ್ನು ಅದರಲ್ಲಿ ಕಚ್ಚಿಸಿ, ಬೋಲ್ಟು ಬಿಗಿದು ಅದುರಿಸುತ್ತೇವೆ. ಆಮೇಲೆ ಶೇಕರನ್ನು ತಟ್ಟನೆ ನಿಲ್ಲಿಸಿ, ಪ್ಲೇಟು ತಾನಾಗಿ ಎಷ್ಟು ಬೇಗ ಸುಮ್ಮನಾಗುತ್ತದೆಂದು ಅಳೆಯುತ್ತೇವೆ. ಬೇಗ ಸುಮ್ಮನಾದಷ್ಟೂ ಒಳ್ಳೆಯ ಕೋಟಿಂಗು. ವಿಮಾನದ ಎಂಜಿನ್ನಿನೊಳಗೆ ಬ್ಲೇಡು ಅದುರಿ ಅದುರಿ ಬುಡದಲ್ಲಿ ಬಿರುಕು ಬಿಡಬಾರದು ಎಂಬುದಕ್ಕೆ ತಾನೇ ಇಷ್ಟೆಲ್ಲ ಪಾಡು.

ಇನ್ನೊಂದು ವಿಷಯ ಕೇಳು. ಎಂಜಿನ್ ಕಂಪನಿಯವರು ಕೊನೆಗೆ ಎರಡೇ ಕೋಟಿಂಗು ಉಳಿಸಿಕೊಂಡಿದ್ದಾರೆ. ಒಂದು ನಿಮ್ಮ ಕೋಟಿಂಗ್ ಶಾಪಿನದು, ಅಂದರೆ ನಿನ್ನದು. ಇನ್ನೊಂದು ನಮ್ಮ ಮೇಡಂ ಎಂಟು ವರ್ಷ ಕೂತು ಹದ ಮಾಡಿದ ಪೌಡರಿನದು. ಎರಡನ್ನೂ ಅಳೆಯುವವಳು ನಾನು! ಮೇಡಂ ನಕ್ಕು, "ಒಂದು ಕಡೆ ನಿಮ್ಮಕ್ಕ, ಇನ್ನೊಂದು ಕಡೆ ನಿನ್ನ ಬಾಸು. ಇಬ್ಬರಿಗೂ ಹೆದರ್ಕೊಂಡು ಸರಿಯಾಗೇ ಅಳೀತೀಯ ಬಿಡು" ಅಂದರು. ಅವರ ಕೋಟಿನ ಜೇಬಿನಲ್ಲಿ ಒಂದು ಸಣ್ಣ ಹಿತ್ತಾಳೆ ಸುತ್ತಿಗೆ ಇರುತ್ತದೆ. ಪ್ಲೇಟು ಕಂಡರೂ ಟೀ ಲೋಟ ಕಂಡರೂ ಟಣ್ ಎಂದು ತಟ್ಟಿ ತಲೆ ವಾಲಿಸಿ ಕೇಳುತ್ತಾರೆ. ಮೊದಲ ದಿನವೇ ನನ್ನ ಕೋಣೆಗೆ ಬಂದು ನೋಡಿ, "ಈ ತೆಳು ಹೊದಿಕೇಲಿ ಇಲ್ಲಿನ ಚಳಿ ತಡೆಯೋದಾ?" ಎಂದು ತಮ್ಮ ಮನೆಯಿಂದ ದಪ್ಪ ಕಂಬಳಿ ತಂದುಕೊಟ್ಟರು. ಮೇಡಂ ಇದ್ದಾರೆ, ನೀನು ನನ್ನ ಚಿಂತೆ ಬಿಡು.

ಬಾವನಿಗೆ ನನ್ನ ನೆನಪು ಹೇಳು.

ನಿನ್ನ ಬಾಲ

ಜನವರಿ 24

ಬಾಲಾ,

ಕಾಗದ ಬಂತು. ಅದರಲ್ಲಿ ಮೇಡಂ ಎಂಬ ಮಾತು ಎಷ್ಟು ಸಲ ಇದೆ ಎಂದು ನಿನ್ನ ಬಾವ ಎಣಿಸಲು ಹೊರಟು ಅರ್ಧಕ್ಕೇ ಕೈಚೆಲ್ಲಿದರು. ಮಕ್ಕಳ ಸ್ಕೂಲ್ ವ್ಯಾನು ಓಡಿಸುವವರು, ತಲೆ ಎಣಿಸುವುದರಲ್ಲಿ ಪಳಗಿದವರು, ಅವರಿಗೇ ಆಗಲಿಲ್ಲ.

ತೆಳು ಹೊದಿಕೆ ಎಂದರಂತೆ. ಅದು ಅಮ್ಮನ ಹಳೆಯ ಬಟ್ಟೆಗಳನ್ನು ಸೇರಿಸಿ ನಾನು ಕೈಯಲ್ಲೇ ಹೊಲಿದದ್ದು ಎಂದು ಅವರಿಗೆ ಹೇಳಿದೆಯೋ, ಅಥವಾ ಹಲ್ಲು ಕಿರಿದುಕೊಂಡು ಕಂಬಳಿ ಇಸಿದುಕೊಂಡೆಯೋ? ಅಮ್ಮ ಹೋದಾಗ ನಿನಗೆ ಆರು ವರ್ಷ. ಅಂದಿನಿಂದ ನಾನು ಎದ್ದರೆ ಎದ್ದು, ಕೂತರೆ ಕೂತು, ಬಚ್ಚಲುಮನೆಯ ಬಾಗಿಲವರೆಗೂ ಬಂದು ಹೊರಗೆ ಕಾಯುತ್ತಿದ್ದವಳು ನೀನು. ಬಾಲ ಎಂದು ಊರೆಲ್ಲ ಕರೆದದ್ದು ಸುಮ್ಮನೆ ಅಲ್ಲ. ಮೊದಲ ದಿನವೇ ಇನ್ನೊಬ್ಬರ ಹಿಂದೆ ಸೇರಿಕೊಂಡೆ ಎಂದರೆ ನಾನು ಏನು ತಿಳಿದುಕೊಳ್ಳಲಿ? ತಮಾಷೆಗೆ ಬರೆದೆ. ಪೂರ್ತಿ ತಮಾಷೆಗಲ್ಲ.

ಪ್ಲೇಟುಗಳು ಈ ವಾರ ಸಿದ್ಧವಾಗುತ್ತವೆ. ಗನ್ನಿನ ಬಾಯಲ್ಲಿ ಕರಗಿದ ಪುಡಿ ಲೋಹಕ್ಕೆ ಬಡಿದು, ಮೇಣದ ಹನಿ ನೆಲಕ್ಕೆ ಬಿದ್ದ ಹಾಗೆ ಚಪ್ಪಟೆಯಾಗಿ, ಪದರದ ಮೇಲೆ ಪದರ ಕೂರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಉಗುರಿನಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ. ನನ್ನ ಕೋಟಿಂಗಿನಲ್ಲಿ ಒಂದು ಸಂದು ಹುಡುಕಿ ತೋರಿಸು ಎಂದು ನಿನ್ನ ಗಂಟೆಮ್ಮನಿಗೆ ಹೇಳು. ಟಣ್ ಟಣ್ ಎಂದು ಲೋಟ ತಟ್ಟಿಕೊಂಡು ತಿರುಗುವವರನ್ನು ನಾನು ಹಾಗೆಯೇ ಕರೆಯುವುದು.

ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ (ಒಬ್ಬಳೇ ಅಕ್ಕ)

ಫೆಬ್ರವರಿ 6

ಅಕ್ಕಾ,

ಗಂಟೆಮ್ಮ! ಓದಿ ನಕ್ಕು ಹೊಟ್ಟೆ ಹುಣ್ಣಾಯಿತು. ಮೇಡಂಗೆ ಹೇಳಿಬಿಟ್ಟೆ, ಅವರೂ ಬಿದ್ದು ಬಿದ್ದು ನಕ್ಕರು. ಹೊದಿಕೆಯ ವಿಷಯ: ನಿನ್ನದನ್ನು ಮೈಗೆ ಸುತ್ತಿಕೊಂಡು ಅದರ ಮೇಲೆ ಅವರದನ್ನು ಹೊದೆಯುತ್ತೇನೆ. ಈಗ ಸಮಾಧಾನವೇ?

ಪ್ಲೇಟಿನ ಬಗ್ಗೆ ಒಂದು ಮಾತು. ಕ್ಲಾಂಪು ಕಚ್ಚುವ ತುದಿಯಲ್ಲಿ ಎರಡು ಬೆರಳಗಲ ಬರಿ ಲೋಹ ಬಿಡಬೇಕು, ಅಲ್ಲಿ ಟೇಪು ಸುತ್ತಿಯೇ ಸ್ಪ್ರೇ ಮಾಡು. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯಲೇಬೇಕೆಂಬ ನಿಯಮವಿದೆ. ಅಲ್ಲಿ ಕೋಟಿಂಗು ಇದ್ದರೆ ಕ್ಲಾಂಪಿನೊಳಗೆ ಅದು ಉಜ್ಜಿ ಪುಡಿಯಾಗಿ ಇಲ್ಲದ ಹೆಚ್ಚಿನ ಅಂಕ ತೋರಿಸುತ್ತದೆ.

ಭಾನುವಾರಗಳು ಈಗ ಬೇಜಾರಿಲ್ಲ. ಮೇಡಂ ಮನೆಗೆ ಹೋಗುತ್ತೇನೆ. ಅವರಿಗೆ ಹಿಂದಿಲ್ಲ ಮುಂದಿಲ್ಲ, ದೊಡ್ಡ ಮನೆಯಲ್ಲಿ ಒಬ್ಬರೇ. ನಾನು ಅಡಿಗೆಮನೆಯ ಕಟ್ಟೆ ಹತ್ತಿ ಕೂರುತ್ತೇನೆ, ಅವರು ಏನಾದರೂ ಮಾಡುತ್ತ ಲೋಹಗಳ ಕಥೆ ಹೇಳುತ್ತಾರೆ. ಮೊನ್ನೆ ನನ್ನ ತಲೆ ಬಾಚಿ ಜಡೆ ಹಾಕಿದರು. ನೀನು ಹಾಕಿದಷ್ಟು ಬಿಗಿಯಲ್ಲ, ತಲೆ ನೋಯಲಿಲ್ಲ.

ಇನ್ನೊಂದು ನಗೆಪಾಟಲು. ಬುಧವಾರ ಊಟದ ಮೇಜಿನಲ್ಲಿ ಎಲ್ಲರೆದುರಿಗೆ, "ಅಕ್ಕಾ, ಉಪ್ಪು ಕೊಡಿ" ಎಂದುಬಿಟ್ಟೆ, ಮೇಡಂಗೆ! ಎಲ್ಲರೂ ಹೋ ಎಂದರು. ಮೇಡಂ ಉಪ್ಪು ಕೊಟ್ಟರು, ಆಮೇಲೆ ಸ್ವಲ್ಪ ಹೊತ್ತು ಊಟ ಮಾಡಲಿಲ್ಲ.

ನಿನ್ನ ಬಾಲ

ಫೆಬ್ರವರಿ 17

ಪ್ಲೇಟು ಆರು, ಇದರ ಜೊತೆ ಕಳಿಸಿದೆ. ತುದಿಯಲ್ಲಿ ಎರಡು ಬೆರಳಗಲ ಬಿಟ್ಟಿದೆ. ತಲುಪಿದ್ದಕ್ಕೆ ಒಂದು ಸಾಲು ಬರೆದರೆ ಸಾಕು.

ನಿನ್ನ ಹೊಸ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಕೋಟಿಂಗ್ ಶಾಪು

(ಇದು ನಿನ್ನ ಬಾವ. ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದಾಳೆ. ಮೂರು ದಿನದಿಂದ ಮನೆಯಲ್ಲಿ ಅವಳು ಮಾತಾಡುತ್ತಿಲ್ಲ, ಪಾತ್ರೆಗಳು ಮಾತಾಡುತ್ತಿವೆ. ಏನು ಬರೆದೆ ಮಾರಾಯ್ತಿ? ಬಿಗಿ ಜಡೆ ಹಾಕುವವಳ ಹತ್ತಿರ ಸಡಿಲ ಜಡೆಯ ಸುದ್ದಿ ಎತ್ತಬಾರದು.)

ಮಾರ್ಚ್ 3

ಅಕ್ಕಾ,

ಕೆಲಸ ಜಾಸ್ತಿಯೇ? ಕಾಗದ ತುಂಬ ಚಿಕ್ಕದಿತ್ತು. ಗನ್ನಿನ ಮುಂದೆ ನಿಲ್ಲುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯ ತಾನೆ? ಇದ್ದ ಒಂದು ಒಳ್ಳೆಯ ಕಿವಿಯನ್ನೂ ಕಳೆದುಕೊಳ್ಳಬೇಡ.

ಈಗ ಬೇಸರದ ಮಾತು. ಬರಿ ಲೋಹವನ್ನು ಒಂದು ಎಂದಿಟ್ಟುಕೊಂಡರೆ, ಮೇಡಂ ಕೋಟಿಂಗು ಆರು ಪಟ್ಟು ಬೇಗ ಅದುರಾಟ ನಿಲ್ಲಿಸುತ್ತದೆ. ನಿನ್ನದು ನಾಲ್ಕು ಪಟ್ಟು. ನಾಲ್ಕು ಸಲ ಬಿಚ್ಚಿ ಬಿಗಿದು ನೋಡಿದೆ, ಅಷ್ಟೇ ಬಂತು. ನನಗೇ ಅಳು ಬಂದಂತಾಯಿತು.

ಮೇಡಂ ನಿನ್ನ ಪ್ಲೇಟನ್ನು ಎರಡು ದಾರದಲ್ಲಿ ನೇತುಹಾಕಿ ತಟ್ಟಿ, ತುಂಬ ಹೊತ್ತು ಕೇಳಿದರು. "ನಿಮ್ಮಕ್ಕನ ಕೈ ಎಷ್ಟು ಚೆನ್ನಾಗಿದೆ ಅಂದ್ರೆ, ಅದೇ ತೊಂದ್ರೆ ಆಗಿದೆ" ಅಂದರು. ಆ ಚಪ್ಪಟೆ ಹನಿಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಇರಬೇಕಂತೆ. ಲೋಹ ಬಾಗಿದಾಗ ಅವು ಒಂದಕ್ಕೊಂದು ಉಜ್ಜಿಕೊಂಡು ಅದುರಾಟವನ್ನು ತಿಂದುಹಾಕುತ್ತವೆ. ನಿನ್ನದರಲ್ಲಿ ಉಜ್ಜಿಕೊಳ್ಳಲು ಸಂದೇ ಇಲ್ಲ. ಗನ್ನನ್ನು ಒಂದು ಗೇಣು ಹಿಂದಕ್ಕೆ ಹಿಡಿದು ಮಾಡಿದರೆ ಸಾಕು ಎಂದು ಅವರೇ ಹೇಳಿಕೊಟ್ಟರು. ನೋಡು, ಎದುರಾಳಿಗೆ ಯಾರಾದರೂ ಹೀಗೆ ಹೇಳಿಕೊಡುತ್ತಾರಾ?

ತಿಂಗಳ ಕೊನೆಗೆ ಇನ್ನೊಂದು ಸುತ್ತು ಇದೆ, ಅದೇ ಕೊನೆ. ಆಮೇಲೆ ಕಂಪನಿಗೆ ವರದಿ ಹೋಗುತ್ತದೆ. ಇನ್ನೊಂದು ಸೆಟ್ ಕಳಿಸು.

ಮುಂದಿನ ವಾರ ನಾಲ್ಕು ದಿನ ರಜೆ. ಎರಡು ಹಗಲು ಬಂದು ಎರಡು ಹಗಲು ಹೋಗುವುದಕ್ಕೇ ಸರಿಹೋಗುತ್ತದಲ್ಲ, ಅದಕ್ಕೆ ಊರಿಗೆ ಬರುತ್ತಿಲ್ಲ. ಮೇಡಂ ಜೊತೆ ಸಮುದ್ರ ನೋಡಲು ಹೋಗುತ್ತಿದ್ದೇನೆ.

ನಿನ್ನ ಬಾಲ

ಮಾರ್ಚ್ 15

ಬಾಲಾ,

ನಾನು ಹೊಟ್ಟೆಕಿಚ್ಚಿನವಳು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಕಂಡುಹಿಡಿಯುವ ಕಷ್ಟ ಬೇಡ.

ಇಪ್ಪತ್ತು ವರ್ಷದಿಂದ ಸಂದಿಲ್ಲದ ಹಾಗೆ ಸ್ಪ್ರೇ ಮಾಡುವುದು ಹೇಗೆ ಎಂದು ಕಲಿತೆ. ಕೈ ಸುಟ್ಟುಕೊಂಡು ಕಲಿತೆ, ಕಿವಿ ಕೊಟ್ಟು ಕಲಿತೆ. ಈಗ ಸ್ವಲ್ಪ ಕೆಟ್ಟದಾಗಿ ಮಾಡು ತಾಯಿ ಎಂದು ನಿನ್ನ ಗಂಟೆಮ್ಮ ನನಗೆ ಪಾಠ ಹೇಳುತ್ತಾರೆ, ಅದನ್ನು ನೀನು ಕೈಕಟ್ಟಿ ಕೇಳಿಸಿಕೊಂಡು ಬಂದು ನನಗೆ ಬರೆಯುತ್ತೀಯ, ಮೇಲೆ ಅವರ ದೊಡ್ಡ ಗುಣ ನೋಡು ಎನ್ನುತ್ತೀಯ. ನನ್ನ ಪೌಡರು ಸೋತರೆ ಸೋಲಲಿ, ಅದನ್ನು ತಡೆದುಕೊಳ್ಳುತ್ತೇನೆ. ನನ್ನ ತಂಗಿಯನ್ನೂ ಅವರೇ ಗೆದ್ದುಕೊಂಡರೆ ನನಗೆ ಉಳಿಯುವುದೇನು, ಈ ಗನ್ನಿನ ಸದ್ದೇ?

ನೀನು ಸಮುದ್ರ ಮೊದಲು ನೋಡಿದಾಗ ನಾನು ಜೊತೆಗಿರುತ್ತೇನೆ ಅಂದುಕೊಂಡಿದ್ದೆ. ಚಿಕ್ಕಂದಿನಲ್ಲಿ ನೀನೇ ನನ್ನ ಕೈಮೇಲೆ ಕೈಯಿಟ್ಟು ಹೇಳಿಸಿಕೊಂಡ ಮಾತು. ನಿನಗೆ ನೆನಪಿಲ್ಲ, ಇರಬೇಕೆಂದೂ ಇಲ್ಲ. ನಿನ್ನ ಬಾವ, "ಅವಳಿಗೆ ಒಬ್ಬರು ದಿಕ್ಕಾದ್ರಲ್ಲ, ಖುಷಿಪಡೋದು ಬಿಟ್ಟು ಇದೇನೇ ನಿಂದು?" ಎಂದು ಬೈದರು. ಖುಷಿಪಡಲು ನೋಡಿದೆ. ಆಗಲಿಲ್ಲ. ಅವರು ನಿನ್ನ ತಲೆ ಬಾಚಿದ ಚಿತ್ರ ಕಣ್ಣಿಗೆ ಬಂದರೆ ಎದೆಯೊಳಗೆ ಉಪ್ಪು ಹಚ್ಚಿದ ಹಾಗಾಗುತ್ತದೆ.

ಪ್ಲೇಟು ಕಳಿಸುತ್ತಿದ್ದೇನೆ. ಗನ್ನನ್ನು ಹಿಂದಕ್ಕೆ ಹಿಡಿದಿಲ್ಲ, ನನ್ನ ರೀತಿಯಲ್ಲೇ ಮಾಡಿದ್ದೇನೆ. ಈ ಸಲ ಶಾಪಿನಲ್ಲಿ ಯಾರಿಗೂ ಮುಟ್ಟಲು ಬಿಡದೆ ಎಲ್ಲ ನಾನೇ ಮಾಡಿದೆ. ಪೆಟ್ಟಿಗೆಯನ್ನು ನೀನೇ ತೆಗೆ. ಇನ್ನೊಬ್ಬರ ಕೈಗೆ ಕೊಡಬೇಡ.

ನಿನ್ನ ಅಕ್ಕ

ಏಪ್ರಿಲ್ 2

ಅಕ್ಕಾ,

ಪ್ಲೇಟು ಬಂದವು. ಪೆಟ್ಟಿಗೆ ನಾನೇ ತೆಗೆದೆ. ಆರನ್ನೂ ಅಳೆದೆ. ಹನ್ನೊಂದು ಪಟ್ಟು ಬಂದಿದೆ. ಹಾಗೆಯೇ ಬರೆದಿದ್ದೇನೆ.

ಇಲ್ಲಿ ಬಿಸಿಲು ಶುರುವಾಗಿದೆ.

ತಂಗಿ

ಏಪ್ರಿಲ್ 11

ಬಾಲಾ,

ಹನ್ನೊಂದು! ಅವರ ಆರೆಲ್ಲಿ, ನನ್ನ ಹನ್ನೊಂದೆಲ್ಲಿ. ಓದಿದ ಕೂಡಲೇ ನಿನ್ನ ಬಾವನಿಗೆ ಹೇಳಿದೆ, ಅವರು ವ್ಯಾನಿನ ಹಾರ್ನು ಹೊಡೆದು ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದರು.

ಆದರೆ ನಿನ್ನ ಕಾಗದ ಹಾಗಿರಲಿಲ್ಲ. ಅಕ್ಕ ಗೆದ್ದಳು, ಭಲೇ ಎಂದು ಒಂದು ಮಾತು ಬರೆಯಲು ಇಂಕು ಖರ್ಚಾಗುತ್ತಿತ್ತೇ? ಬಿಸಿಲಿನ ಸುದ್ದಿ ಯಾರಿಗೆ ಬೇಕಾಗಿತ್ತು? ನನಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡ. ನಿನ್ನ ಗಂಟೆಮ್ಮ ಸೋತರು, ಅದಕ್ಕೆ ನಿನಗೆ ದುಃಖ. ನನ್ನ ಗೆಲುವಿಗಿಂತ ಅವರ ಸೋಲು ನಿನಗೆ ದೊಡ್ಡದಾಯಿತು. ಅವರ ಮುಖ ಹೇಗಿತ್ತು? ಆ ಭಾನುವಾರವೂ ಅವರ ಮನೆಗೆ ಹೋಗಿ ಕಣ್ಣೊರೆಸಿ ಬಂದೆಯಾ?

ಇನ್ನೊಂದು ಕೇಳಬೇಕಿತ್ತು. ಪೆಟ್ಟಿಗೆ ತೆಗೆದಾಗ ಪ್ಲೇಟು ಎಲ್ಲ ಸರಿಯಾಗಿದ್ದವೇ? ಏನಾದರೂ ಕಂಡಿತೇ? ಸುಮ್ಮನೆ ಕೇಳಿದೆ. ನಿನ್ನ ಬಾವ, ನಿದ್ದೆ ಯಾಕೆ ಮಾಡುತ್ತಿಲ್ಲ ಎನ್ನುತ್ತಿದ್ದಾರೆ. ಸೆಕೆ ಎಂದೆ.

ನಿನ್ನ ಅಕ್ಕ

ಏಪ್ರಿಲ್ 25

ಕಾಗದ ಸಿಗಲಿಲ್ಲವೇ? ಹುಷಾರಿದ್ದೀಯ ತಾನೇ? ಒಂದು ಸಾಲು ಬರಿ. ಬೈದರೂ ಸರಿ.

ಅಕ್ಕ

ಮೇ 4

ಅಕ್ಕಾ,

ಮುಚ್ಚಳ ತೆಗೆದಾಗಲೇ ಕಂಡೆ.

ಟೇಪು ತಾನಾಗಿ ಕಳಚಿದರೆ ಅಂಚು ಹರಿದ ಕಾಗದದ ಹಾಗಿರುತ್ತದೆ. ನಿನ್ನ ಪ್ಲೇಟಿನಲ್ಲಿ ಕೋಟಿಂಗು ತುದಿಯವರೆಗೂ ನುಣ್ಣಗೆ ಹೋಗಿತ್ತು, ಆರಕ್ಕೆ ಆರರಲ್ಲೂ. ನೀನು ಟೇಪು ಸುತ್ತಿಯೇ ಇರಲಿಲ್ಲ. ಟೇಪು ಸುತ್ತುವುದನ್ನು ನನಗೆ ಕಲಿಸಿದವಳು ನೀನು, ಒಂದು ಸುಕ್ಕು ಬಿದ್ದರೂ ಕೈಮೇಲೆ ಹೊಡೆಯುತ್ತಿದ್ದೆ. ನಿನಗೆ ಮರೆವಾಯಿತು ಎಂದು ನಾನು ಹೇಗೆ ನಂಬಲಿ? ಆ ಹನ್ನೊಂದರಲ್ಲಿ ಏಳು ಕ್ಲಾಂಪಿನೊಳಗೆ ಪುಡಿಯಾದ ಎರಡು ಬೆರಳಗಲದ್ದು. ನಿನ್ನ ಕೋಟಿಂಗಿನದು ಅದೇ ಹಳೆಯ ನಾಲ್ಕು.

ಮೇಡಂಗೆ ಮೋಸ ಮಾಡುವುದಕ್ಕಾಗಿ ನೀನು ಹೀಗೆ ಮಾಡಲಿಲ್ಲ ಎಂಬುದು ಎರಡು ದಿನ ಬಿಟ್ಟು ಹೊಳೆಯಿತು. ಇಷ್ಟು ಒಡ್ಡೊಡ್ಡಾಗಿ ಮೋಸ ಮಾಡುವ ಪೆದ್ದಿಯಲ್ಲ ನೀನು. ನನಗೊಬ್ಬಳಿಗೇ ಕಾಣುವ ಹಾಗೆ ಇಟ್ಟು ಕಳಿಸಿದೆ. ನಾನು ಅವರಿಗೆ ಹೇಳುತ್ತೇನೋ, ನಿನಗಾಗಿ ಬಾಯಿ ಮುಚ್ಚಿಕೊಳ್ಳುತ್ತೇನೋ ನೋಡಬೇಕಾಗಿತ್ತು ನಿನಗೆ. ಅಲ್ಲವೇ?

ಮುಚ್ಚಿಕೊಂಡೆ. ಬೋಲ್ಟು ಬಿಗಿದೆ, ಅಳೆದೆ, ಹನ್ನೊಂದು ಎಂದು ಬರೆದೆ. ಮೇಡಂ ಬಂದು ಅಂಕ ನೋಡಿ, ಪ್ಲೇಟು ಬಿಚ್ಚಿಸಿ, ಆ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳಿಗೆ ಬಿಳಿ ಪುಡಿ ಹತ್ತಿತು. ನಾನು ಅವರು ಕೇಳುವ ಮೊದಲೇ, "ಟೇಪು ಕಳಚಿರಬೇಕು ಮೇಡಂ" ಅಂದೆ. ಅವರು ನನ್ನ ಮುಖ ನೋಡಿದರು. ಆರರದೂ ಹೇಗೆ ಕಳಚಿತು ಎಂದು ಕೇಳಲಿಲ್ಲ. "ಹೂಂ, ಒಂದೊಂದ್ಸಲ ಕಳಚುತ್ತೆ. ನಿಮ್ಮಕ್ಕಂಗೆ ಬರೆದು ಇನ್ನೊಂದು ಸೆಟ್ ತರಿಸ್ಕೋ" ಎಂದು ಹೋದರು. ಮರುದಿನ ಶೇಕರ್ ಮೇಲೆ ರಿಪೇರಿಯಲ್ಲಿದೆ ಎಂಬ ಬೋರ್ಡು ತೂಗಾಡುತ್ತಿತ್ತು. ಶೇಕರಿಗೆ ಏನೂ ಆಗಿಲ್ಲ ಅಕ್ಕಾ. ಒಂದು ತಿಂಗಳಿಂದ ಕಂಪನಿಯವರ ಬೈಗುಳ ತಿಂದುಕೊಂಡು, ತಾವೇ ಗೆಲ್ಲಬೇಕಾದ ವರದಿಯನ್ನು ನಿನಗಾಗಿ ತಡೆಹಿಡಿದು ಕೂತಿದ್ದಾರೆ.

ಅವರ ಮನೆಗೆ ನಾನು ಆಮೇಲೆ ಹೋಗಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಕಣ್ಣು ತಪ್ಪಿಸುತ್ತೇನೆ. ನನಗೆ ಅಷ್ಟು ಕೊಟ್ಟವರಿಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದೆ, ಅದೂ ಯಾವ ಸುಳ್ಳು! ಆ ಹನ್ನೊಂದನ್ನು ನಂಬಿ ಕಟ್ಟಿದ ಎಂಜಿನ್ನಿನ ಹಿಂದೆ ಜನ ಕೂತು ಹಾರುತ್ತಾರೆ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಅದೂ ಗೊತ್ತಿದ್ದೇ ಹೇಳಿದೆ.

ನಾನು ಯಾರವಳು ಎಂದು ನಿನಗೆ ತಿಳಿಯಬೇಕಿತ್ತು. ತಿಳಿಯಿತಲ್ಲ. ಈಗ ಖುಷಿಯೇ?

ಸಮುದ್ರದ ಮಾತು ನನಗೆ ನೆನಪಿದೆ. ಹೊರಟು ಅರ್ಧ ದಾರಿಯಲ್ಲಿ ನೆನಪಾಯಿತು. ಮೇಡಂ ನೀರಿಗೆ ಇಳಿದರು, ನಾನು ಬೆನ್ನು ತಿರುಗಿಸಿ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ. ಇದನ್ನು ಬರೆದರೆ ನೀನು ಹಿಗ್ಗುತ್ತೀಯ ಎಂದು ಬರೆದಿರಲಿಲ್ಲ.

ತಂಗಿ

ಮೇ 13

ಬಾಲಾ,

ಹೌದು. ನೀನು ಬರೆದದ್ದೆಲ್ಲ ನಿಜ, ಒಂದಕ್ಷರ ತೆಗೆಯುವ ಹಾಗಿಲ್ಲ.

ಬೇಕಾದದ್ದು ಸಿಕ್ಕಿತು. ಸುಳ್ಳು ಹೇಳಲು ಬಾರದವಳನ್ನು ಬೆಳೆಸಿದೆ ಎಂದು ಶಾಪಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಆ ಪ್ಲೇಟುಗಳನ್ನು ಪೆಟ್ಟಿಗೆಗೆ ತುಂಬುವಾಗ ಬ್ಲೇಡಾಗಲಿ, ಎಂಜಿನ್ನಾಗಲಿ, ಅದರಲ್ಲಿ ಕೂರುವ ಜನರಾಗಲಿ ನನ್ನ ತಲೆಯಲ್ಲಿ ಇರಲಿಲ್ಲ. ನಿನ್ನ ಜಡೆ ಇತ್ತು.

ನೀನು ಬಸ್ ಸ್ಟ್ಯಾಂಡಿನಲ್ಲಿ ಕೂತ ಸಂಗತಿ ಓದಿ ಹಿಗ್ಗಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಹಿಗ್ಗಿ, ಆಮೇಲೆ ಶಾಪಿನ ಹಿಂದೆ ಪೌಡರ್ ಡಬ್ಬಿಗಳ ನಡುವೆ ಕೂತು ಅತ್ತೆ.

ಆರು ಪ್ಲೇಟು ಕಳಿಸಿದ್ದೇನೆ. ಟೇಪು ಸುತ್ತಿದ್ದೇನೆ, ಸುಕ್ಕಿಲ್ಲ. ಗನ್ನನ್ನು ಒಂದು ಗೇಣು ಹಿಂದಕ್ಕೆ ಹಿಡಿದೆ, ನಿನ್ನ ಮೇಡಂ ಹೇಳಿದ ಹಾಗೆ. ಕೈ ಒಪ್ಪಲಿಲ್ಲ, ಮೊದಲ ಎರಡು ಹಾಳಾದವು. ಎಷ್ಟು ಬರುತ್ತದೋ ಅಷ್ಟೇ ಬರಿ. ಜೊತೆಗಿರುವ ಚೀಟಿ ಅವರಿಗೆ. ಮಡಿಸಿಲ್ಲ, ನೀನೂ ಓದಬಹುದು:

"ಮೇಡಂ ಅವರಿಗೆ. ಟೇಪು ಕಳಚಲಿಲ್ಲ, ನಾನು ಸುತ್ತಿರಲಿಲ್ಲ. ನನ್ನ ತಂಗಿ ನಿಮಗೆ ಸುಳ್ಳು ಹೇಳಿದ್ದು ನನ್ನಿಂದ. ನೀವು ಯಾರಿಗೆ ತಿಳಿಸಬೇಕೋ ತಿಳಿಸಿ, ನನ್ನ ಹೆಸರು ಹೇಳಿ, ಅವಳದು ಬೇಡ."

ಭಾನುವಾರ ಅವರ ಮನೆಗೆ ಹೋಗು. ಹೋಗು ಎಂದು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಆದರೂ ಹೋಗು.

ಅಕ್ಕ

ಜೂನ್ 8

ಅಕ್ಕಾ,

ಐದೂವರೆ ಬಂತು. ಕ್ಲಾಂಪಿನಲ್ಲೂ ಅಷ್ಟೇ, ದಾರಕ್ಕೆ ನೇತುಹಾಕಿ ತಟ್ಟಿದರೂ ಅಷ್ಟೇ. ಮೇಡಂದು ಆರು. ನೀನು ಸೋತೆ ಅಕ್ಕಾ, ಕೂದಲೆಳೆಯಲ್ಲಿ. ಹನ್ನೊಂದನ್ನು ಹೊಡೆದುಹಾಕಿ, ಕ್ಲಾಂಪಿನ ಕಡೆ ಕೋಟಿಂಗು ಇತ್ತು, ಲೆಕ್ಕಕ್ಕಿಲ್ಲ ಎಂದು ನಾನೇ ಬರೆದು ಸಹಿ ಹಾಕಿದೆ. ವರದಿ ಹೋಯಿತು.

ಚೀಟಿಯನ್ನು ಮೇಡಂ ಕೈಗೆ ಕೊಟ್ಟೆ. ಅವರು ಓದಿ, ಮಡಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಆಮೇಲೆ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ನಿಮ್ಮಕ್ಕಂಗೆ ಬರಿ, ಹೊಟ್ಟೆಕಿಚ್ಚು ನಂಗೂ ಇತ್ತು ಅಂತ. ಭಾನುವಾರ ಭಾನುವಾರ ಬಂದು ಕಟ್ಟೆ ಮೇಲೆ ಕೂತ್ಕೊಂಡು, ನಮ್ಮಕ್ಕ ಹೀಗ್ ಮಾಡ್ತಾಳೆ, ನಮ್ಮಕ್ಕ ಹಾಗ್ ಬೈತಾಳೆ ಅಂತ ನೀನು ಒಂದೇ ಸಮ ಹೇಳ್ತಿದ್ಯಲ್ಲ, ಎಷ್ಟೋ ಸಲ ಬಾಯಿ ಮುಚ್ಚೇ ಅನ್ನೋಣ ಅನ್ನಿಸ್ತಿತ್ತು."

ಈಗ ಒಂದು ಕಷ್ಟದ ಮಾತು. ಪೌಡರು ಅವರದಾದರೂ, ನಿಜವಾದ ಬ್ಲೇಡಿಗೆ ಸ್ಪ್ರೇ ಮಾಡುವ ಕೆಲಸ ನಿಮ್ಮ ಶಾಪಿಗೇ ಬರುತ್ತದೆ. ಇಲ್ಲಿನ ಗನ್ನು ಚಪ್ಪಟೆ ಪ್ಲೇಟಿಗಷ್ಟೇ ಸರಿ, ತಿರುಚಿದ ಬ್ಲೇಡಿನ ಅಂಚಿಗೆ ನಿನ್ನ ಕೈಯೇ ಬೇಕೆಂದು ಮೇಡಂ ಕಂಪನಿಗೆ ಬರೆದಿದ್ದಾರೆ. ಹದ ತೋರಿಸಲು ಮುಂದಿನ ತಿಂಗಳು ಅವರೇ ಬರುತ್ತಾರೆ, ಒಂದೂವರೆ ತಿಂಗಳು ಇರುತ್ತಾರೆ. ಅಲ್ಲಿ ಒಳ್ಳೆಯ ಹೋಟೆಲ್ ಇಲ್ಲ. ನಮ್ಮ ಮನೆಯಲ್ಲಿ ಉಳಿದುಕೊಳ್ಳಬಹುದೇ? ನನ್ನ ಕೋಣೆ ಖಾಲಿ ಇದೆಯಲ್ಲ. ಬೇಡವೆಂದರೆ ಬೇಡ ಎನ್ನು, ನನಗೆ ಬೇಸರವಿಲ್ಲ.

ನಿನ್ನ ಬಾಲ

ಜೂನ್ 17

ಬಾಲಾ,

ಐದೂವರೆ ನೋಡಿ ಹೊಟ್ಟೆ ಉರಿಯಿತು. ಆ ಅರ್ಧ ಎಲ್ಲಿ ಬಿಟ್ಟೆ ಎಂದು ಇನ್ನೂ ಯೋಚಿಸುತ್ತಿದ್ದೇನೆ. ನಿನ್ನ ಮೇಡಂ ಎದುರಿಗೆ ಗನ್ನು ಹಿಡಿದಾಗ ಆ ಅರ್ಧವನ್ನು ಅವರ ಪೌಡರಿನಿಂದಲೇ ತೆಗೆದು ತೋರಿಸುತ್ತೇನೆ.

ಅವರಿಗೂ ಹೊಟ್ಟೆಕಿಚ್ಚಿತ್ತಂತೆ! ಆ ಸಾಲನ್ನು ನಿನ್ನ ಬಾವನಿಗೆ ಓದಿ ಹೇಳಿದೆ. ಅವರು ಊಟ ಮಾಡುತ್ತಿದ್ದರು, ಕೇಳಿಸಲಿಲ್ಲವೇನೋ ಎಂದು ಮತ್ತೆ ಓದಿದೆ. "ಕೇಳಿಸ್ತು ಕಣೇ, ಕಿವಿ ಮಂದ ಆಗಿರೋದು ನಿಂಗೆ, ನಂಗಲ್ಲ" ಅಂದರು. ಇರಲಿ ಎಂದು ಮೂರನೆಯ ಸಲವೂ ಓದಿದೆ. ನಾನಿಲ್ಲದ ಜಾಗದಲ್ಲಿ ನೀನು ನನ್ನ ಮಾತೇ ಆಡುತ್ತಿದ್ದೆ ಎಂದು ನನಗೆ ಯಾಕೆ ಬರೆಯಲಿಲ್ಲ? ಕಂಬಳಿ, ಉಪ್ಪು, ಜಡೆ, ಸಮುದ್ರ ಎಲ್ಲ ಬರೆದೆ, ಅದೊಂದನ್ನು ಬಿಟ್ಟು. ಅದನ್ನು ಬರೆದಿದ್ದರೆ ನಾನು ಟೇಪು ಸುತ್ತುತ್ತಿದ್ದೆ.

ನನಗೂ ಒಂದು ಬರೆಯದ ಮಾತಿದೆ. ಉಳಿದಿದ್ದ ಎಡಗಿವಿಯೂ ಹೋಗುತ್ತಿದೆ. ಚಳಿಗಾಲದಿಂದ ಶುರುವಾಗಿದೆ. ನಿನ್ನ ಕಾಗದಗಳೇ ಈಗ ನನಗೆ ನೀನು. ಹಾಗಾಗಿ ಅವುಗಳಲ್ಲಿ ಇನ್ನೊಬ್ಬರು ಬಂದು ತುಂಬಿಕೊಂಡರೆ ನನಗೆ ಜಾಗ ಸಾಲುವುದಿಲ್ಲ. ಮೇಡಂಗೆ ಹೇಳಬೇಡ. ಅವರು ಬ್ಲೇಡು ತಟ್ಟಿ ಕೇಳಿಸಿತೇ ಎಂದರೆ ಕೇಳಿಸಿತು ಎಂದುಬಿಡುತ್ತೇನೆ. ಬೆರಳಿಟ್ಟರೆ ಅದುರುವುದು ಹೇಗೂ ಗೊತ್ತಾಗುತ್ತದೆ.

ಬರಲಿ. ಮನೆಯಲ್ಲೇ ಇರಲಿ. ಆದರೆ ನಿನ್ನ ಕೋಣೆ ಅವರಿಗಲ್ಲ. ನಮ್ಮ ಕೋಣೆ ಬಿಟ್ಟುಕೊಡುತ್ತೇನೆ, ನಿನ್ನ ಬಾವ ನಡುಮನೆಯಲ್ಲಿ ಮಲಗುತ್ತಾರೆ, ನಿನ್ನ ಹಾಸಿಗೆಯಲ್ಲಿ ನಾನು ಮಲಗುತ್ತೇನೆ. ಅದನ್ನು ಯಾರಿಗೂ ಕೊಡುವ ಮಾತೇ ಇಲ್ಲ. ಊಟಕ್ಕೆ ಕೂತಾಗ ಅವರು ಉಪ್ಪು ಕೇಳಿದರೆ ಕೊಡುತ್ತೇನೆ, ಅಷ್ಟು ಮರ್ಯಾದೆ ನನಗೂ ಗೊತ್ತು.

ಅವರು ಹೊರಡುವಾಗ ನಾನು ಹೊಲಿದ ಹೊದಿಕೆಯನ್ನು ಅವರ ಪೆಟ್ಟಿಗೆಯಲ್ಲಿ ಇಟ್ಟು ಕಳಿಸು. ಅವರ ಕಂಬಳಿ ನಿನ್ನ ಹತ್ತಿರವೇ ಇರಲಿ, ಅದು ನಿನ್ನನ್ನು ಬೆಚ್ಚಗಿಟ್ಟಿದೆ ಎಂದು ಒಪ್ಪಿಕೊಳ್ಳುತ್ತೇನೆ. ಇಲ್ಲಿರುವ ಒಂದೂವರೆ ತಿಂಗಳೂ ಅವರು ನನ್ನ ಹೊದಿಕೆಯನ್ನೇ ಹೊದೆಯಲಿ. ತೆಳುವೋ ಅಲ್ಲವೋ, ಹೊದ್ದು ನೋಡಿ ಆಮೇಲೆ ಹೇಳಲಿ.

ನಿನ್ನ ಅಕ್ಕ